ನೀಲಿ ಬಾವುಟದ ಮೂಲೆಯ ಜೋಳ

ಕೋಪರಿ, ಠಾಣೆ ಪೂರ್ವ
೧೬ ನವೆಂಬರ್ ೨೦೨೫, ರವಿವಾರ

ಚಂದ್ರಕ್ಕನಿಗೆ ದಾನಮ್ಮ ಕೈಮುಗಿದು ಬರೆಯುವುದು.

ಮೊದಲು ಕನಸು ಹೇಳಿಬಿಡುತ್ತೇನೆ ಅಕ್ಕಾ. ಅದನ್ನು ಹೇಳದೆ ಕ್ಷೇಮ ಕೇಳಲು ಕೈ ಓಡುತ್ತಿಲ್ಲ. ನಿನ್ನೆ ಮಧ್ಯಾಹ್ನ ಉಂಡು ಗೋಡೆಗೆ ಒರಗಿದ್ದೆ, ಕಣ್ಣು ಹತ್ತಿತು. ದೊಡ್ಡ ಸಭೆಯ ಕೋಣೆ, ಉದ್ದನೆಯ ಮೇಜು. ಈ ಕಡೆ ನಮ್ಮ ದೇಶದವರು, ಆ ಕಡೆ ಯುರೋಪಿನ ಇಪ್ಪತ್ತೇಳು ದೇಶದವರು. ನಾವು ಹೊಲಿದ ನೀಲಿ ಬಾವುಟದ ಮೂಲೆಯಿಂದ ಒಂದು ಮೊಳಕೆ ಹೊರಗೆ ಬಂತು. ನೋಡನೋಡುತ್ತ ಜೋಳದ ದಂಟು ಆಳೆತ್ತರ ಬೆಳೆದು ಮೇಜಿನ ತುಂಬ ಹೊಲ ಆಗಿಹೋಯಿತು. ಈ ಕಡೆಯವರಿಗೆ ಆ ಕಡೆಯವರ ಮುಖ ಕಾಣಿಸದು. ಎಲ್ಲಿದ್ದೀರಿ ಎಲ್ಲಿದ್ದೀರಿ ಅಂತ ಕೂಗುತ್ತಾರೆ. ಕೊನೆಗೆ ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ, ನೀನೇ ಕೊಯ್ಯಿ ಅನ್ನುವಂತೆ. ನನ್ನ ಕೈಯಲ್ಲಿ ಕುಡಗೋಲು ಇಲ್ಲ. ದಾರ ಕತ್ತರಿಸುವ ಸಣ್ಣ ಕತ್ತರಿ ಇದೆ.

ಎದ್ದಾಗ ಕುತ್ತಿಗೆಯೆಲ್ಲ ಬೆವರು. ನಾನು ಮೊದಲೇ ಅಂಜುಬುರುಕಿ, ನಿನಗೆ ಗೊತ್ತು. ಲೋಕಲ್ ಗಾಡಿ ಎರಡು ನಿಮಿಷ ತಡವಾದರೆ ಯಾರೋ ಹಳಿಗೆ ಬಿದ್ದರೇನೋ ಅನ್ನುವವಳು ನಾನು. ಆದರೆ ಈ ಸಲದ ಅಂಜಿಕೆ ಬೇರೆ.

ನಿನ್ನ ಮೊಣಕಾಲು ಹೇಗಿದೆ? ಕಲ್ಯಾಣದ ಆ ಮನೆಗೆ ಮೂರು ಮಾಳಿಗೆ ಹತ್ತಬೇಕು ಅಂದಿದ್ದೆ. ಮಗಳ ಮನೆ ಆದರೂ ಅಳಿಯನ ಮನೆಯೇ, ಅಲ್ಲಿ ಕೂತು ಉಣ್ಣುವುದು ನಿನಗೆ ಎಷ್ಟು ಕಷ್ಟ ಅಂತ ನನಗೆ ತಿಳಿಯುತ್ತದೆ. ಫೋನು ಮಾಡಿದರೆ "ಆರಾಮ ಇದೀನಿ" ಅಂತಿ, ಮುಂದೆ ಮಾತೇ ಇಲ್ಲ. ನನಗೂ ಬಾಯಿ ಬರುವುದಿಲ್ಲ. ಕಲ್ಯಾಣ ಏನು ದೂರ? ಎರಡು ಸಲ ಬಂದೆ. ಒಂದು ಸಲ ಸ್ಟೇಶನ್ನಿನ ಸೇತುವೆಯ ತನಕ, ಒಂದು ಸಲ ನಿನ್ನ ಓಣಿಯ ಬಾಯಿಯ ಹಾಲಿನ ಅಂಗಡಿ ತನಕ. ನಿನಗೆ ಅಂತ ಕೊಂಡ ಬಾಳೆಹಣ್ಣು ಎರಡೂ ಸಲ ಗಾಡಿಯಲ್ಲಿ ಪಕ್ಕದವರಿಗೆ ಕೊಟ್ಟೆ. ನೀನು ಶೆಡ್ಡು ಬಿಟ್ಟು ಹದಿನೆಂಟು ದಿನ ಆಯಿತು. ತಡವಾದದ್ದಕ್ಕೆ ಬೈದುಕೋ. ಈ ಕಾಗದ ನೀನೇ ಓದು, ಮಗಳ ಕೈಲಿ ಓದಿಸಬೇಡ. ಊಟದ ಹೊತ್ತಿನಲ್ಲಿ ದಾರದ ಡಬ್ಬಿಯ ರಟ್ಟಿನ ಮೇಲೆ ನಿನಗೆ ನಾನೇ ಕಲಿಸಿದ ಅಕ್ಷರ. ನನಗೂ ಐದನೆಯ ತರಗತಿಯ ತನಕ ಬಂದದ್ದು ಅಷ್ಟೇ ಅಕ್ಷರ. ತಪ್ಪಿದ್ದರೆ ಕೂಡಿಸಿಕೊಂಡು ಓದು.

ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ. ಸಾಲಾಗಿ ಬರೆಯದಿದ್ದರೆ ನಾನು ನಡುವೆ ಎಲ್ಲಾದರೂ ತಪ್ಪಿಸಿಕೊಂಡು ಹೋಗುತ್ತೇನೆ.

ದೀಪಾವಳಿ ಮುಗಿದ ಮರುದಿನವೇ ಮನೀಶ ನಮ್ಮ ಹೊಲಿಗೆಯ ಶೆಡ್ಡಿಗೆ ಈ ಬಾವುಟದ ಆರ್ಡರು ತಂದ. ದೊಡ್ಡ ದೊಡ್ಡ ಸಭೆಗಳಿಗೆ ಕುರ್ಚಿ, ಪರದೆ, ಬಾವುಟ ಒದಗಿಸುವ ಮನುಷ್ಯ. ನವಿ ಮುಂಬಯಿಯ ಹೋಟೆಲಿನಲ್ಲಿ ಯುರೋಪ್ ಒಕ್ಕೂಟದವರೂ ನಮ್ಮ ಸರಕಾರದವರೂ ಕೂತು ವ್ಯಾಪಾರದ ಮಾತು ಆಡುತ್ತಾರೆ, ಮೂರು ಜೋಡಿ ಬಾವುಟ ಬೇಕು ಅಂದ. ಬಾಗಿಲಿಗೆ ಒಂದು ಜೋಡಿ, ಫೋಟೋ ತೆಗೆಯುವಲ್ಲಿ ಒಂದು, ಮಾತುಕತೆಯ ಕೋಣೆಗೆ ಒಂದು. ಪ್ರತಿ ಜೋಡಿಯಲ್ಲಿ ನಮ್ಮದು ಒಂದು, ಅವರದು ಒಂದು. ಬಟ್ಟೆಯನ್ನೂ ಕಟ್ಟುವ ಕೋಲನ್ನೂ ಅಳೆಯಲು ಟೇಪು ಹಿಡಿದುಕೊಂಡೇ ಬಂದಿದ್ದ. "ಮೌಶಿ, ದೋನೋ ಬರಾಬರ್ ಚಾಹಿಯೆ. ಒಂದು ಬೆರಳು ಮೇಲೆ ಕೆಳಗೆ ಆದರೆ ನಾಳೆ ಪೇಪರಿನಲ್ಲಿ ಬರುತ್ತೆ" ಅಂದ. ಆಗ ನೀನು, "ಕೋಲಿಂದು ನೀ ನೋಡ್ಕೋ ಮಗಾ, ಅರಿವಿ ನಾ ನೋಡ್ಕೋತೀನಿ. ಅರಿವಿಗೆ ಸೊಕ್ಕ ಇರಂಗಿಲ್ಲ, ಕೋಲಿಗೇ ಇರೋದು" ಅಂದು ಶೆಡ್ಡನ್ನೆಲ್ಲ ನಗಿಸಿದೆ. ಆ ನಗೆ ಆಮೇಲೆ ನಮ್ಮ ಶೆಡ್ಡಿನಲ್ಲಿ ಕೇಳಿಲ್ಲ.

ನನಗೆ ಚಿಂತೆ ಹತ್ತಿದ್ದು ಅವರ ನೀಲಿ ಬಾವುಟದ ಚಿಕ್ಕಿಗಳದು, ಆ ಬಂಗಾರ ಬಣ್ಣದ ನಕ್ಷತ್ರಗಳದು. ದೇಶ ಇಪ್ಪತ್ತೇಳು, ಚಿಕ್ಕಿ ಹನ್ನೆರಡು. ಹದಿನೈದು ದೇಶದವರು ನಮ್ಮ ಚಿಕ್ಕಿ ಎಲ್ಲಿ ಅಂತ ಕೇಳಿದರೆ? ಭಿವಂಡಿಯಿಂದ ಕಸೂತಿ ಹಾಕಿಸಿ ತಂದವರು ಮರೆತರೇನೋ ಅಂತ ಮೂರು ಸಲ ಎಣಿಸಿದೆ. ನಮ್ಮ ಶೇಠ್ ಸರ್ವೋತ್ತಮರು ಕನ್ನಡಕದ ಮೇಲಿನಿಂದ ನೋಡಿ, "ದಾನಮ್ಮ, ಅದು ಹನ್ನೆರಡೇ ಮಾರಾಯ್ತಿ. ದೇಶ ಎಷ್ಟಾದರೂ ಹನ್ನೆರಡೇ. ನೀನೆಂತ ಅವರ ಮನೆಯ ಲೆಕ್ಕ ಇಡುವುದು?" ಅಂದರು.

ಮನೆಯಲ್ಲಿ ಅಂಬರೀಶನನ್ನು ಕೇಳಿದೆ. ನನ್ನ ಮಗ ಡೊಂಬಿವಲಿ ಎಂಐಡಿಸಿಯ ಬಣ್ಣದ ಫ್ಯಾಕ್ಟರಿಯಲ್ಲಿ ಇರುವುದರಿಂದ ಅವನಿಗೆ ಈ ವಿಷಯ ತಿಳಿಯುತ್ತದೆ. ಅವನು ಮಾಡುವ ಬಣ್ಣ ಆ ದೇಶಗಳಿಗೇ ಹೋಗುತ್ತದಂತೆ. ಮಾತುಕತೆ ಸರಿಹೋದರೆ ಸುಂಕ ಇಳಿದು ಕೆಲಸ ಹೆಚ್ಚುತ್ತದೆ, ಕೆಟ್ಟರೆ ನಮ್ಮಂಥ ಸಣ್ಣ ಫ್ಯಾಕ್ಟರಿಗಳು ಮೊದಲು ಬೀಗ ಹಾಕುತ್ತವೆ ಅಂದ. "ಯವ್ವಾ, ಅವರು ಇಪ್ಪತ್ತೇಳು ಮಂದಿ ಕೂಡಿ ಒಂದ ಮಾತು ಆಡ್ತಾರ. ನಾವು ಒಬ್ಬರ ಇದ್ದು ಇಪ್ಪತ್ತೇಳು ಮಾತು ಆಡ್ತೀವಿ. ಅದಕ್ಕ ಇಷ್ಟು ವರ್ಷ ಹತ್ತೇತಿ" ಅಂದ. ಮೊದಲು ಅವರು ಹೇಳಿದ್ದಕ್ಕೆ ನಮ್ಮವರು ತಲೆ ಆಡಿಸುತ್ತಿದ್ದರಂತೆ. ಈಗ ನಮ್ಮ ದೇಶ ದೊಡ್ಡದಾಗಿದೆ, ಅವರಿಗೂ ನಮ್ಮದು ಬೇಕಾಗಿದೆ, ಅದಕ್ಕೆ ಕುರ್ಚಿಗೆ ಕುರ್ಚಿ ಸಮ ಅಂದ. ನನಗೆ ಅದು ಹೆಣ್ಣು ನೋಡಲು ಬಂದ ಬೀಗರ ಹಾಗೆ ಕಂಡಿತು. ಇಪ್ಪತ್ತೇಳು ಮನೆಯವರು ಒಂದೇ ಟೆಂಪೋದಲ್ಲಿ ಬಂದಂತೆ. ಅಷ್ಟು ಜನಕ್ಕೆ ಚಹಾದಲ್ಲಿ ಸಕ್ಕರೆ ಹೆಚ್ಚು ಕಡಿಮೆ ಆದರೆ ಸಾಕು.

ಇನ್ನು ಬರೆಯಬೇಕಾದದ್ದು ಬಂತು.

ಅಕ್ಕಾ, ಕಾಳು ಹಾಕಿದವಳು ನಾನು.

ನಮ್ಮ ಸಿಂದಗಿ ಕಡೆ ಕೌದಿ ಹೊಲಿದು ಮುಗಿಸುವಾಗ ನಮ್ಮವ್ವ ಕೊನೆಯ ಮೂಲೆಯೊಳಗೆ ನಾಲ್ಕು ಕಾಳು ಜೋಳವನ್ನೋ ರೊಟ್ಟಿಯ ಚೂರನ್ನೋ ಇಟ್ಟು ಮುಚ್ಚುತ್ತಿದ್ದಳು. ಅರಿವಿ ಹಸಿದು ಮನೆ ಬಿಟ್ಟು ಹೋಗಬಾರದು, ಹಸಿದ ಅರಿವಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲ ಅನ್ನುತ್ತಿದ್ದಳು. ಮಷೀನಿನ ಮೇಲೆ ಕೂತು ಹತ್ತೊಂಬತ್ತು ವರ್ಷ ಆದರೂ ಆ ಚಟ ನನ್ನ ಬೆರಳು ಬಿಟ್ಟಿಲ್ಲ. ಗಣಪತಿಯ ಮಂಟಪದ ಪರದೆಗೆ ಹಾಕಿದ್ದೇನೆ. ಪಾರ್ಟಿಯವರ ಬಾವುಟಕ್ಕೂ ಹಾಕಿದ್ದೇನೆ, ಎರಡೂ ಪಾರ್ಟಿಗೆ. ಅದಕ್ಕೆ ಅಂತ ಸೆರಗಿನ ತುದಿಯಲ್ಲಿ ಒಂದಿಷ್ಟು ಜೋಳ ಗಂಟು ಕಟ್ಟಿಕೊಂಡೇ ಇರುತ್ತೇನೆ.

ಈ ಸಲ ಹೆದರಿದ್ದೆ. ನಮ್ಮ ಬಾವುಟದೊಳಗೆ ಏನೂ ಇಡಬಾರದು ಅಂತ ಶೇಠರು ನಿಯಮದ ಪುಸ್ತಕ ಓದಿ ಹೇಳಿದ್ದರು. ಅದಕ್ಕೆ ನಮ್ಮದಕ್ಕೆ ಹಾಕಲಿಲ್ಲ. ಅದು ಮನೆಯದು, ಅದಕ್ಕೆ ಉಣ್ಣಲು ಇಲ್ಲೇ ಇದೆ. ಅವರದಕ್ಕೆ ಹಾಕಬಾರದು ಅಂತ ಯಾರೂ ಹೇಳಿರಲಿಲ್ಲ. ಪರದೇಶದಿಂದ ಬಂದದ್ದು, ಇಲ್ಲಿ ಅದಕ್ಕೆ ಯಾರಿದ್ದಾರೆ ಅನ್ನಿಸಿತು. ಬೀಗರ ಅರಿವಿಯನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಮಾತು ಕೂಡುವುದಿಲ್ಲ ಅನ್ನಿಸಿತು. ಅಂಬರೀಶನ ಫ್ಯಾಕ್ಟರಿಯೂ ತಲೆಯಲ್ಲಿತ್ತು. ದೇವರಾಣೆಗೂ ಒಳ್ಳೆಯದಾಗಲಿ ಅಂತಲೇ ಹಾಕಿದೆ.

ಆಮೇಲೆ ಆದದ್ದು ನಿನಗೆ ಅರ್ಧ ಗೊತ್ತು. ಅಕ್ಟೋಬರ್ ಕೊನೆಯ ಬುಧವಾರ ಮುಂಜಾನೆ ಹೋಟೆಲಿನಲ್ಲಿ ಕಾವಲಿನ ಹೆಂಗಸೊಬ್ಬಳು ಬಾವುಟಗಳ ಅಂಚು ಬೆರಳಿನಿಂದ ಸವರುತ್ತ ಹೋಗಿದ್ದಾಳೆ. ಮಾತುಕತೆಯ ಕೋಣೆಯ ನೀಲಿ ಬಾವುಟದ ಮೂಲೆಯಲ್ಲಿ ಗಟ್ಟಿ ಏನೋ ಸಿಕ್ಕಿದೆ. ಕೋಣೆ ಖಾಲಿ ಮಾಡಿಸಿದರು, ನಾಯಿ ಬಂತು, ಚಿಮಟದಿಂದ ಹೊಲಿಗೆ ಬಿಚ್ಚಿದರು. ಜೋಳ. ಉಳಿದೆರಡನ್ನೂ ಸವರಿ ನೋಡಿದರು, ಏನೂ ಸಿಗಲಿಲ್ಲ. ಆದರೆ ಆ ಒಂದನ್ನು ತೆಗೆದ ಮೇಲೆ ನಮ್ಮದೂ ಒಂದೇ ನಿಲ್ಲುವಂತಿಲ್ಲವಂತೆ. ಒಂದು ಇಳಿದರೆ ಇನ್ನೊಂದೂ ಇಳಿಯಬೇಕು. ಬಾವುಟ ಇಲ್ಲದೆ ದೊಡ್ಡವರು ಕೂರುವಂತಿಲ್ಲ. ಶೇಠರು ಶೆಡ್ಡಿನಲ್ಲಿದ್ದ ಹಳೆಯ ನೀಲಿ ಬಾವುಟ ತೆಗೆದುಕೊಂಡು ರಿಕ್ಷಾದಲ್ಲಿ ಐರೋಲಿ ಕಡೆ ಓಡಿದ್ದು ನೀನೂ ನೋಡಿದ್ದೆ. ಯಾಕೆ ಅಂತ ಆಗ ನಮಗೆ ಹೇಳಲಿಲ್ಲ. ಅವರು ಮುಟ್ಟುವ ತನಕ ನಲವತ್ತು ನಿಮಿಷ ಇಪ್ಪತ್ತೇಳು ದೇಶದವರೂ ನಮ್ಮ ದೇಶದವರೂ ಹೊರಗೆ ನಿಂತು ಚಹಾ ಕುಡಿದರಂತೆ.

ನಾಲ್ಕು ಗಂಟೆಗೆ ಪೊಲೀಸರು ಕೋಪರಿಗೆ ಬಂದರು. ನೀನು ಹಿಂದೆ ಇಸ್ತ್ರಿ ಮಾಡುತ್ತಿದ್ದೆ. ಅವರು ಸಿಕ್ಕ ಕಾಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತೋರಿಸಿದರು. ಮೂಲೆ ಮುಚ್ಚಿದವರು ಯಾರು ಅಂತ ಕೇಳಿದರು. ಶೇಠರು ರಿಜಿಸ್ಟರ್ ತೆಗೆದು ನೋಡಿದರು. ಕೊನೆಯ ಕೈಹೊಲಿಗೆಯ ಮುಂದೆ ನಿನ್ನ ಹೆಸರಿತ್ತು. ಕರೆದರು. ನೀನು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಹೂಂ ಸಾಹೇಬ, ಮೂಲಿ ಮುಚ್ಚಿದಾಕಿ ನಾನ" ಅಂದೆ. ಅವರು ನಿನ್ನ ಆಧಾರಿನ ಫೋಟೋ ಹೊಡೆದುಕೊಂಡರು. ಮೂರು ತಾಸು ಪೊಲೀಸ್ ಠಾಣೆಯಲ್ಲಿ ಕೂರಿಸಿದರು. ಜೋಳ ಅಂತ ಗೊತ್ತಾಗಿ ಬಿಟ್ಟರು, ಆದರೆ ಹೆಸರು ಬಿಡಲಿಲ್ಲ. ಮನೀಶ ಶೇಠರಿಗೆ ಹೇಳಿದ್ದು ನಾನೇ ಕೇಳಿದೆ: "ವೋ ಚಂದ್ರಬಾಯಿ ಇರೋ ತನಕ ನನ್ನ ಆರ್ಡರು ಈ ಶೆಡ್ಡಿಗೆ ಬರಲ್ಲ." ಮರುದಿನದಿಂದ ನಿನಗೆ ಕೆಲಸ ಇಲ್ಲ ಅಂದರು, ನಿನ್ನ ಸ್ಟೂಲಿನ ಮೇಲೆ ಯಾರೋ ದಾರದ ಉಂಡೆ ಇಟ್ಟಿದ್ದಾರೆ.

ಎರಡು ದಿನ ಬಿಟ್ಟು ಶೇಠರು ಪೇಪರು ಓದಿ ಹೇಳಿದರು. ತಾಂತ್ರಿಕ ಕಾರಣದಿಂದ ಸಭೆ ತಡವಾಯಿತು, ಎರಡೂ ಕಡೆಯವರಿಗೆ ವಿಷಾದವಿದೆ, ಮಾತುಕತೆ ಸ್ನೇಹದಿಂದ ನಡೆಯಿತು ಅಂತ. ಅಷ್ಟೇ. ಯಾರ ಹೆಸರೂ ಇಲ್ಲ. ನಾನು ಮನೀಶನನ್ನು ಕೇಳಿದೆ, "ಯಾರ ತಪ್ಪು ಅಂತ ಬರದೇ ಇಲ್ಲಲ್ಲೋ?" ಅವನು ನಕ್ಕ. "ಮೌಶಿ, ದೇಶ ದೇಶದ ನಡುವೆ ಹೆಸರು ಹೇಳಲ್ಲ. ಹೇಳಿದರೆ ಸಂಬಂಧ ಕೆಡುತ್ತೆ." ನಮ್ಮ ಸಂಬಂಧ ಏನು ಗಟ್ಟಿ ಇತ್ತು ಅಂತ ನಮ್ಮಲ್ಲಿ ಹೆಸರು ಕೇಳಿದರೋ ಅಕ್ಕಾ.

ಮೊನ್ನೆ ಶುಕ್ರವಾರ ಶೇಠರ ಎದುರು ನಿಂತು ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು. "ಎಂತ ಮಾರಾಯ್ತಿ ಇದು! ನಿನಗೆ ತಲೆ ಸರಿ ಉಂಟಾ?" ಅಂದರು. ಕನ್ನಡಕ ತೆಗೆದಿಟ್ಟು, "ಈಗ ಹೇಳಿ ಎಂತ ಪ್ರಯೋಜನ? ಪೊಲೀಸರಿಗೆ ಒಂದು ಹೆಸರು ಸಿಕ್ಕಿ ಮುಗಿದಿದೆ. ಇನ್ನೊಂದು ಕೊಟ್ಟರೆ ಫೈಲು ಪುನಃ ತೆರೆಯುತ್ತದೆ. ಮನೀಶ ಮುಂದಿನ ತಿಂಗಳು ಖಾರಘರದ ಸಭೆಯ ಆರ್ಡರು ಕೊಡ್ತೇನೆ ಅಂದಿದ್ದಾನೆ. ಚಂದ್ರಬಾಯಿಗೆ ನಾನು ಬೇರೆ ಎಲ್ಲಾದರೂ ನೋಡ್ತೇನೆ. ನೀನು ಬಾಯಿ ಮುಚ್ಚಿ ಕೂತ್ಕೋ" ಅಂದರು. ಕೆಟ್ಟ ಮನುಷ್ಯ ಅಲ್ಲ. ನನ್ನಷ್ಟೇ ಅಂಜುಬುರುಕ.

ಪೊಲೀಸ್ ಠಾಣೆಗೆ ಹೋಗಿ ನಾನೇ ಒಪ್ಪಿಕೊಳ್ಳುತ್ತೇನೆ ಅಂದದ್ದಕ್ಕೆ ಅಂಬರೀಶ ಇನ್ನೂ ಸಿಟ್ಟಿನಲ್ಲಿದ್ದಾನೆ. ಪರದೇಶದ ಗಿರಾಕಿಗಳು ಫ್ಯಾಕ್ಟರಿ ನೋಡಲು ಬರುತ್ತಾರೆ ಅಂತ ಎಲ್ಲರ ಗೇಟ್‌ಪಾಸ್ ಹೊಸದು ಮಾಡುತ್ತಿದ್ದಾರೆ, ಮನೆಯವರ ಹೆಸರು ಪೊಲೀಸರಲ್ಲಿದ್ದರೆ ತೊಂದರೆ ಅಂತಾನೆ. "ಯವ್ವಾ, ನಿನ್ನ ಜ್ವಾಳದ ಕಾಳಿಗೆ ನನ್ನ ನೌಕರಿ ಹಾಕ್ತೀಯೇನು?" ಅಂದ. ನಾನು, "ಚಂದ್ರಕ್ಕನ ನೌಕರಿ ಹಾಕೀನಲ್ಲೋ ಮೊದಲ" ಅಂದೆ. ಎದ್ದು ಹೊರಗೆ ಹೋದ. ಒಂದು ತಾಸು ಬಿಟ್ಟು ಬಂದು, ಠಾಣೆಗೆ ಹೋಗುವ ದಿನ ತಾನೂ ಬರುತ್ತೇನೆ, ಮರಾಠಿಯಲ್ಲಿ ಮಾತಾಡಲು ಒಬ್ಬರು ಬೇಕಲ್ಲ ಅಂದ. ಮುಖ ನೋಡಲಿಲ್ಲ, ಆದರೆ ಅಂದ.

ಗುರುವಾರ ರಜೆ ಕೇಳಿದ್ದೇನೆ. ಅವತ್ತು ಹೋಗುತ್ತೇನೆ. ಕಾಳು ಹಾಕಿದ್ದು ನಾನು, ಚಂದ್ರಬಾಯಿಯ ತಪ್ಪಿಲ್ಲ, ಅವಳ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ ಅಂತ ಕಾಗದ ಬರೆದಿದ್ದೇನೆ. ಅದರ ಇನ್ನೊಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಇದನ್ನು ಅಳಿಯನಿಗೆ ತೋರಿಸು, ಅವನ ಅವ್ವನಿಗೂ ತೋರಿಸು. ಆ ಮನೆಯಲ್ಲಿ ನೀನು ತಲೆ ತಗ್ಗಿಸಿ ಕೂರಬೇಡ. ಶೇಠರು ನನ್ನನ್ನು ತೆಗೆದರೆ ತೆಗೆಯಲಿ. ನನ್ನ ಸ್ಟೂಲಿಗಾದರೂ ನಿನ್ನನ್ನು ಕರೆಯಲಿ ಅಂತ ಹೇಳಿ ಬರುತ್ತೇನೆ.

ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ. ನಿನ್ನ ಮಗಳು ಬಸುರಿ ಅಂತ ಕೇಳಿದೆ, ಸುಖವಾಗಿ ಹೆರಿಗೆ ಆಗಲಿ, ತಾಯಿ ಮಗು ತಣ್ಣಗಿರಲಿ. ನಿನಗೆ ಮೊಣಕಾಲು ಮಡಚಿ ಕೂರುವಷ್ಟು ಬಲ ಬರಲಿ. ದೊಡ್ಡವಳು ನೀನು, ನನ್ನ ತಲೆಯ ಮೇಲೆ ಕೈ ಇಡು ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ನಿನ್ನ ತಂಗಿಯಂತಿದ್ದವಳು,
ದಾನಮ್ಮ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ಶೇಠರು ರಿಜಿಸ್ಟರ್ ತೆಗೆಯಲೇ ಇಲ್ಲ ಅಕ್ಕಾ. ಪೊಲೀಸರು ಕೇಳುವ ಮಾತು ಇನ್ನೂ ಅವರ ಬಾಯಲ್ಲಿ ಇರುವಾಗಲೇ ನಾನು ಹಿಂದಿನ ಕೋಣೆಯ ಕಡೆ ಬೆರಳು ಮಾಡಿದೆ. "ಮೂಲಿ ಮುಚ್ಚೋದು ಚಂದ್ರಬಾಯಿ" ಅಂದವಳು ನಾನೇ. ಇಸ್ತ್ರಿಯ ಸದ್ದು ಆಗ ನಿಂತಿತ್ತು. ನೀನು ಕೇಳಿಸಿಕೊಂಡೇ ಹೊರಗೆ ಬಂದೆ, ನನ್ನ ಕಡೆ ಒಂದು ಸಲ ನೋಡಿದೆ.

ಕಾಳು ಹಾಕಿದ್ದು ಯಾರು ಅಂತ ನಿನಗೆ ಗೊತ್ತಿತ್ತು. ಪ್ರತಿ ಸಲ ನಾನು ಹಾಕಿ ಕೊಟ್ಟ ಮೇಲೆಯೇ ಅಲ್ಲವೇ ನೀನು ಮುಚ್ಚುವುದು. ಈ ನೀಲಿ ಬಾವುಟಕ್ಕೆ ಹಾಕುವಾಗಲೂ ಸೂಜಿಗೆ ದಾರ ಪೋಣಿಸುತ್ತ ನನ್ನ ಕೈ ನೋಡಿ, "ಏ ದಾನಿ, ಮೂರ ಸಾಕಬೇ, ನಾಕ ಹಾಕಿದ್ರ ಕೈಗಿ ಹತ್ತತಾದ" ಅಂದಿದ್ದೆ. ಆ ಒಂದು ಮಾತು ಪೊಲೀಸರ ಮುಂದೆ ನೀನು ಆಡಿದ್ದರೆ ಇವತ್ತು ಕಲ್ಯಾಣದಲ್ಲಿ ಕೂತವಳು ನೀನಾಗುತ್ತಿರಲಿಲ್ಲ.

ಸಿಗದೆ ಹೋದ ಎರಡು ಬಾವುಟಗಳಲ್ಲಿ ಮೂರು ಮೂರು ಇದ್ದವು, ಅದು ನನಗೆ ಖಾತ್ರಿ. ಠಾಣೆಗೆ ಕೊಡುವ ಕಾಗದದಲ್ಲಿ ಸಿಕ್ಕಿಬಿದ್ದ ಬಾವುಟಕ್ಕೂ ಮೂರು ಅಂತಲೇ ಬರೆದಿದ್ದೇನೆ. ಪೊಲೀಸರು ತೋರಿಸಿದ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಕಂಡಂತಾಯಿತು, ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣು ನೆಟ್ಟಗಿರಲಿಲ್ಲ. ಮುಚ್ಚುವ ಮುಂಚೆ ನಿನ್ನ ಬೆರಳು ಆ ಮೂಲೆ ಮುಟ್ಟಿತ್ತು, ಎಷ್ಟಿದ್ದವು ಅಂತ ಆ ಬೆರಳಿಗೇ ಗೊತ್ತು. ನೀನು ಹೇಳಿದ ಮೇಲೂ ನಾನು ನಾಲ್ಕನೆಯದು ಹಾಕಿದೆನೋ ಇಲ್ಲವೋ, ಗುರುವಾರದೊಳಗೆ ಇನ್ನೊಂದು ಸಲ ನೆನಪು ಮಾಡಿ ಹೇಳು ಅಕ್ಕಾ.